ಕೊನೆಯ 200 ಅಡಿ

"ಲಾರಿ ಆರಾಮಾಗಿ ಬರುತ್ತೆ, ಬನ್ನಿ" ಅಂತ ಫೋನಲ್ಲಿ ಹೇಳುವವರು ಸಾಮಾನ್ಯವಾಗಿ ಬೈಕಲ್ಲಿ ಓಡಾಡುವವರು. ಇವತ್ತೂ ಅದೇ ಕಥೆ. ಗುಡ್ಡದ ಮೇಲಿನ ಸೈಟು, 200 ಚೀಲ ಸಿಮೆಂಟು. ಚೀಲಕ್ಕೆ 50 ಕೆಜಿ ಅಂದ್ರೆ ಲೋಡೇ 10 ಟನ್.

ಕೊನೇ ತಿರುವಲ್ಲಿ ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಮೊನ್ನೆ ಮೊನ್ನೆ ತುಂಬಿದ ಹಸಿ ಮಣ್ಣು. ಇಳಿದು ಹಿಮ್ಮಡೀಲಿ ಒತ್ತಿ ನೋಡಿದೆ. ಬೂಟು ಅರ್ಧ ಒಳಗೆ ಹೋಯ್ತು. ನನ್ನ ತೂಕಕ್ಕೇ ಹೀಗಾದ್ರೆ ಹಿಂದಿನ ಚಕ್ರದ ಗತಿ ಏನು? ಅಲ್ಲೇ ಹ್ಯಾಂಡ್ ಬ್ರೇಕ್ ಎಳೆದೆ.

ಮೇಸ್ತ್ರಿ ಮುಖ ಊದಿಸಿಕೊಂಡರು. "ಹೋದ ವಾರ ಟಿಪ್ಪರ್ ಬಂದಿತ್ತಲ್ರೀ!" ಬಂದಿರಬಹುದು, ಆಗ ಮಳೆ ಬಿದ್ದಿರಲಿಲ್ಲ. ಟಿಪ್ಪರ್‌ನವರ ಕಷ್ಟ ಬೇರೆಯೇ ಬಿಡಿ. ನೆಲ ಸ್ವಲ್ಪ ಓರೆ ಇದ್ದು ತೊಟ್ಟಿ ಮೇಲೆತ್ತಿದರೆ, ಒದ್ದೆ ಮರಳು ಜಾರದೆ ಒಂದು ಮೂಲೇಲಿ ಅಂಟಿಕೊಂಡಿತೋ, ಗಾಡಿ ಪಕ್ಕಕ್ಕೆ ಮಗುಚಿಕೊಂಡೇ ಬಿಡುತ್ತೆ.

ಕೊನೆಗೆ ಸಣ್ಣ ಗಾಡಿ ತರಿಸಿ, ಸಲಕ್ಕೆ 30 ಚೀಲದಂತೆ ಏಳು ಟ್ರಿಪ್ ಹೊಡೆದೆವು. ಮೇಲೆ ಮೋಡ ಬೇರೆ, ಪ್ರತಿ ಸಲ ಟಾರ್ಪಾಲು ಬಿಚ್ಚು, ಕಟ್ಟು.

ಮೈಲಿಗಟ್ಟಲೆ ಬಂದಿದ್ದಕ್ಕೆ ಹಿಡಿದಿದ್ದಕ್ಕಿಂತ ಜಾಸ್ತಿ ಹೊತ್ತು ಈ 200 ಅಡಿಗೆ ಹಿಡೀತು. ಬಾಡಿಗೆ ಮಾತ್ರ ಕಿಲೋಮೀಟರ್ ಲೆಕ್ಕದಲ್ಲೇ! ಮನೆ ಎದ್ದ ಮೇಲೆ ಆ ತಿರುವು ಯಾರ ನೆನಪಲ್ಲೂ ಇರಲ್ಲ ಅಂದುಕೊಳ್ತಾ ಕನ್ನಡಿ ನೋಡಿದೆ. ಕ್ಲೀನರ್ ಹುಡುಗ ರಿವರ್ಸ್ ಸಿಗ್ನಲ್ ಕೊಡ್ತಾ ನಿಂತಿದ್ದ, ಹುಬ್ಬೆಲ್ಲ ಸಿಮೆಂಟು ಬಣ್ಣ.