ಎಡಿನ್‌ಬರೊ ಫ್ರಿಂಜ್‌ಗೆ ನಾಟಕ ತರುವ ಮುನ್ನ ಕರಾರು ಓದಿ

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಕ್ಯಾಂಪ್ ಹಾಕುವುದನ್ನು ಕಂಡವರಿಗೆ ಆಗಸ್ಟ್ ತಿಂಗಳ ಸ್ಕಾಟ್ಲೆಂಡಿನ ಎಡಿನ್‌ಬರೊ ಪೂರ್ತಿ ಅಪರಿಚಿತವಲ್ಲ. ಊರ ತುಂಬ ಪೋಸ್ಟರ್, ಬಣ್ಣ ಹಚ್ಚಿಕೊಂಡೇ ಬೀದಿಗಿಳಿದ ನಟರು. ಚರ್ಚ್ ಹಾಲ್, ಕಾಲೇಜಿನ ಕ್ಲಾಸ್‌ರೂಮು, ಪಬ್ಬಿನ ನೆಲಮಾಳಿಗೆ ಎಲ್ಲವೂ ರಂಗಮಂದಿರ. 1947ರಲ್ಲಿ ಇಲ್ಲಿ ಅಂತಾರಾಷ್ಟ್ರೀಯ ಉತ್ಸವ ಶುರುವಾದಾಗ ಎಂಟು ತಂಡಗಳು ಕರೆಯದೇ ಬಂದು ಸಿಕ್ಕ ಜಾಗದಲ್ಲಿ ಆಡಿದವು. ಫ್ರಿಂಜ್ ಎಂಬ ಈ ರಂಗೋತ್ಸವ ಹುಟ್ಟಿದ್ದೇ ಹಾಗೆ. ಇಂದಿಗೂ ಇಡೀ ಉತ್ಸವಕ್ಕೆಂದು ಆಯ್ಕೆ ಸಮಿತಿಯಿಲ್ಲ. ಜಾಗ ಹಿಡಿದು ನೋಂದಣಿ ಶುಲ್ಕ ಕಟ್ಟಿದವರು ಆಡಬಹುದು.

ವ್ಯತ್ಯಾಸವಿರುವುದು ಗಲ್ಲಾದಲ್ಲಿ. ಕ್ಯಾಂಪ್ ಕಂಪನಿಗೆ ರಾತ್ರಿಯ ಕಲೆಕ್ಷನ್ ರಾತ್ರಿಯೇ ಕೈಸೇರುತ್ತದೆ. ಇಲ್ಲಿ ಟಿಕೆಟ್ ಹಣವನ್ನು ರಂಗಮಂದಿರದವರು ಇಟ್ಟುಕೊಳ್ಳುತ್ತಾರೆ. ಲೆಕ್ಕ ಚುಕ್ತಾ ಆಗುವುದು ಉತ್ಸವ ಮುಗಿದ ಎಷ್ಟೋ ವಾರಗಳ ಮೇಲೆ. ಅಷ್ಟರವರೆಗಿನ ಊಟ, ವಸತಿ, ಮುದ್ರಣ ಎಲ್ಲಕ್ಕೂ ದುಡ್ಡು ಮೊದಲೇ ಕೈಯಲ್ಲಿರಬೇಕು.

ಕರಾರಿನಲ್ಲಿ ಮುಖ್ಯವಾಗಿ ಮೂರು ಬಗೆ: ನೇರ ಬಾಡಿಗೆ, ಕಲೆಕ್ಷನ್‌ನಲ್ಲಿ ಪಾಲು, ಪಾಲಿನ ಜೊತೆಗೆ ರಂಗಮಂದಿರಕ್ಕೆ ಕನಿಷ್ಠ ಇಷ್ಟು ಸಿಗಲೇಬೇಕೆಂಬ ಗ್ಯಾರಂಟಿ. ಹೊಸಬರು ಎಡವುವುದು ಮೂರನೆಯದರಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. 60 ಸೀಟಿನ ಕೋಣೆ, 25 ಆಟ, ಒಟ್ಟು 1,500 ಟಿಕೆಟ್. ಶೇ 40 ಮಾರಾಟವಾದರೆ 600. ಬೆಲೆ 12 ಪೌಂಡ್ ಎಂದು ಅಚ್ಚಾಗಿದ್ದರೂ ಮೊದಲ ದಿನಗಳ ಪ್ರಿವ್ಯೂ ರಿಯಾಯಿತಿ, ಒಂದಕ್ಕೊಂದು ಉಚಿತದ ದಿನಗಳು, ವಿದ್ಯಾರ್ಥಿ ದರ ಎಲ್ಲ ಸೇರಿ ಸರಾಸರಿ 10ಕ್ಕೆ ಇಳಿಯುತ್ತದೆ ಎಂದುಕೊಳ್ಳಿ. ಕಲೆಕ್ಷನ್ 6,000. ಇದರಲ್ಲಿ ಶೇ 20ರ ವ್ಯಾಟ್ ಸೇರಿಯೇ ಇರುವುದರಿಂದ ಆರನೇ ಒಂದು ಭಾಗ, ಅಂದರೆ 1,000 ಪೌಂಡ್, ಮೊದಲೇ ಹೋಯಿತು. ಉಳಿದ 5,000ದಲ್ಲಿ 60-40ರ ಪಾಲಿನಂತೆ ನಿಮಗೆ 3,000 ಬರಬೇಕು. ಆದರೆ ಕರಾರಿನಲ್ಲಿ 2,500 ಪೌಂಡ್ ಗ್ಯಾರಂಟಿ ಇದ್ದರೆ ರಂಗಮಂದಿರ ತನ್ನ ಪಾಲಿನ 2,000ಕ್ಕೆ ಬದಲು 2,500 ತೆಗೆದುಕೊಳ್ಳುತ್ತದೆ. ನಿಮಗೆ ಉಳಿಯುವುದು 2,500. ಟಿಕೆಟ್ ಕಮಿಷನ್, ಸಂಗೀತದ ರಾಯಧನ ಅದರಲ್ಲೇ ಕಳೆಯಬೇಕು. ಆಗಸ್ಟ್‌ನಲ್ಲಿ ಇಲ್ಲಿ ಒಂದು ಕೋಣೆಯ ಬಾಡಿಗೆ ತಿಂಗಳಿಗೆ ಸಾವಿರ ಪೌಂಡ್ ದಾಟುವುದು ಮಾಮೂಲು. ನಾಲ್ಕು ಜನರ ತಂಡವಾದರೂ ವಿಮಾನದ ಟಿಕೆಟ್ ಲೆಕ್ಕಕ್ಕೆ ಬರುವ ಮೊದಲೇ ನಷ್ಟ.

ಹಾಗಾಗಿ ಹತ್ತು ಪಾತ್ರದ ನಾಟಕವನ್ನು, ಅದೆಷ್ಟೇ ಚೆನ್ನಾಗಿರಲಿ, ಅನುದಾನವಿಲ್ಲದೆ ತರಬೇಡಿ. ಇಬ್ಬರು ಮೂವರ ನಾಟಕ, ಮೊದಲ ಹತ್ತು ಹನ್ನೆರಡು ದಿನ ಸಾಕು. ವಿಮರ್ಶಕರು ಹೆಚ್ಚಾಗಿ ಓಡಾಡುವುದೂ ಆಗಲೇ. ಪ್ರವೇಶ ಉಚಿತವಿಟ್ಟು, ಆಟ ಮುಗಿದ ಮೇಲೆ ಬಾಗಿಲಲ್ಲಿ ಬಕೆಟ್ ಹಿಡಿದು ನಿಲ್ಲುವ ಪದ್ಧತಿಯೂ ಇದೆ. ಅಲ್ಲಿ ಕೆಲವೆಡೆ ಬಾಡಿಗೆಯೇ ಇಲ್ಲ. ಆದರೆ ಪಬ್ಬಿನ ಗದ್ದಲದ ಪಕ್ಕದಲ್ಲಿ ಮೆಲುದನಿಯ ನಾಟಕ ನಿಲ್ಲುವುದು ಕಷ್ಟ.

ಇನ್ನು ರಂಗದ ಮೇಲೆ. ಒಂದೇ ಕೋಣೆಯಲ್ಲಿ ದಿನಕ್ಕೆ ಏಳೆಂಟು ನಾಟಕ ನಡೆಯುತ್ತವೆ, ಎರಡು ಆಟದ ನಡುವೆ ಸುಮಾರು 15 ನಿಮಿಷ. ಅಷ್ಟರಲ್ಲಿ ಹಿಂದಿನವರು ಖಾಲಿ ಮಾಡಬೇಕು, ನೀವು ಜೋಡಿಸಿಕೊಳ್ಳಬೇಕು, ಪ್ರೇಕ್ಷಕರು ಕೂರಬೇಕು. ಹೊತ್ತು ಮೀರಿದರೆ ದಂಡ ಎಂದು ಎಷ್ಟೋ ಕರಾರುಗಳಲ್ಲಿ ಬರೆದಿರುತ್ತದೆ. 60 ನಿಮಿಷದ ಅವಧಿಗೆ 55 ನಿಮಿಷದ ನಾಟಕ ಕಟ್ಟಿ. ಒಂದು ಟ್ರಂಕು, ಎರಡು ಮಡಚುವ ಕುರ್ಚಿ, ಸುರುಳಿ ಸುತ್ತುವ ಒಂದು ಪರದೆ, ಇಷ್ಟರಲ್ಲಿ ಮುಗಿಯಬೇಕು. ಹೆಚ್ಚಿನದನ್ನು ಇಡಲು ಜಾಗವೂ ಇರುವುದಿಲ್ಲ.

ಲೈಟು ಎಲ್ಲ ತಂಡಗಳಿಗೂ ಸೇರಿ ಒಂದೇ ಜೋಡಣೆ. ತಾಂತ್ರಿಕ ತಾಲೀಮಿಗೆ ಒಂದೇ ಸಲ, ಎರಡು ಮೂರು ಗಂಟೆ ಸಿಗುತ್ತದೆ. ಆಗ ಇಡೀ ನಾಟಕ ಆಡುತ್ತಾ ಕೂತರೆ ಕೊನೆಯ ಕ್ಯೂಗಳು (ಲೈಟು, ಸದ್ದು ಬದಲಿಸುವ ಸೂಚನೆಗಳು) ಕಂಪ್ಯೂಟರಿಗೆ ಸೇರುವ ಮೊದಲೇ ಹೊತ್ತು ಮುಗಿಯುತ್ತದೆ. ಮಾತು ಬಿಟ್ಟು ಕ್ಯೂನಿಂದ ಕ್ಯೂಗೆ ಹಾರಬೇಕು. ಆಪರೇಟರ್‌ಗೆ ಕನ್ನಡ ಬರುವುದಿಲ್ಲವಾದ್ದರಿಂದ ಕ್ಯೂ ಪಟ್ಟಿಯಲ್ಲಿ ಮಾತಿನ ಬದಲು ಚಲನೆ ಬರೆಯಿರಿ: ‘ಆಕೆ ಕೊಡ ಕೆಳಗಿಟ್ಟ ಕೂಡಲೇ ಕ್ಯೂ 14’. ಅನುವಾದದ ಸಾಲುಗಳನ್ನು ತೋರಿಸುವುದಾದರೆ ಒಮ್ಮೆಗೆ ಎರಡೇ ಸಾಲು, ನಡುನಡುವೆ ಕಪ್ಪು ಸ್ಲೈಡ್. ಅವನ್ನು ಒತ್ತುವವರು ಮಾತ್ರ ಕನ್ನಡ ಬಲ್ಲವರೇ ಆಗಬೇಕು. ನಟ ಒಂದು ಮಾತು ಹಾರಿಸಿದರೆ ಪರದೆಯ ಮೇಲಿನ ಸಾಲೂ ಹಾರಬೇಕಲ್ಲ.

ಬೆಂಕಿಯ ವಿಷಯದಲ್ಲಿ ಯಾವ ಸಲಿಗೆಯೂ ಇಲ್ಲ. ಪರದೆಯಾಗಿ ಇಳಿಬಿಟ್ಟ ಇಳಕಲ್ ಸೀರೆಗೂ ಬೆಂಕಿ ಹತ್ತದ ದ್ರಾವಣ ಸಿಂಪಡಿಸಬೇಕು. ತಪಾಸಣೆಗೆ ಬಂದವರು ಅಂಚಿನ ಚೂರು ಕತ್ತರಿಸಿ ಲೈಟರ್ ಹಿಡಿದು ನೋಡುವುದೂ ಉಂಟು. ರೇಷ್ಮೆಯ ಮೇಲೆ ಆ ದ್ರಾವಣ ಕಲೆ ಉಳಿಸಬಹುದು; ಮೊದಲು ಮೂಲೆಯಲ್ಲಿ ಪರೀಕ್ಷಿಸಿ, ಇಲ್ಲವೇ ಹತ್ತಿಯದನ್ನೇ ತನ್ನಿ. ಊದುಬತ್ತಿಯ ಹೊಗೆಗೆ ಅಲಾರಂ ಹೊಡೆದುಕೊಂಡರೆ ಇಡೀ ಕಟ್ಟಡ ಖಾಲಿ ಮಾಡಿಸುತ್ತಾರೆ. ದೀಪಕ್ಕೆ ಬ್ಯಾಟರಿಯ ಹಣತೆ. ಬೀಡಿ, ಸಿಗರೇಟು ರಂಗದ ಮೇಲೂ ಹಚ್ಚುವಂತಿಲ್ಲ: ಸ್ಕಾಟ್ಲೆಂಡಿನಲ್ಲಿ 2006ರ ಮಾರ್ಚ್ 26ರಿಂದ ಜಾರಿಯಲ್ಲಿರುವ ಕಾನೂನು ನಟರಿಗೆ ವಿನಾಯಿತಿ ಕೊಟ್ಟಿಲ್ಲ. ಆ ವರ್ಷದ ಫ್ರಿಂಜ್‌ನಲ್ಲಿ ಚರ್ಚಿಲ್ ಪಾತ್ರದ ನಟನೂ ಸಿಗಾರ್ ಹಚ್ಚದೆಯೇ ಆಡಬೇಕಾಯಿತು.

ಪ್ರಚಾರ ಕಾಲ್ನಡಿಗೆಯ ಕೆಲಸ. ರಾಯಲ್ ಮೈಲ್ ಬೀದಿಯಲ್ಲಿ ನಟರೇ ದಿನಕ್ಕೆ ಎರಡು ಮೂರು ಗಂಟೆ ಕರಪತ್ರ ಹಂಚುತ್ತಾರೆ. ಆಟಕ್ಕೆ ಒಂದೂವರೆ ಗಂಟೆ ಮುಂಚೆ, ರಂಗಮಂದಿರದ ಆಸುಪಾಸಿನಲ್ಲಿ ಹಂಚಿದ್ದು ಹೆಚ್ಚು ಫಲ ಕೊಡುತ್ತದೆ. ಒಳ್ಳೆಯ ವಿಮರ್ಶೆ ಬಂದ ದಿನ ನಕ್ಷತ್ರಗಳನ್ನೂ ಒಂದು ಸಾಲನ್ನೂ ಸಣ್ಣ ಪಟ್ಟಿಯಾಗಿ ಮುದ್ರಿಸಿ, ಕತ್ತರಿಸಿ, ಉಳಿದ ಕರಪತ್ರಗಳಿಗೆಲ್ಲ ಕೂತು ಸ್ಟೇಪಲ್ ಹೊಡೆಯಬೇಕು. ಮೇಲ್ಭಾಗದಲ್ಲಿ ಒಂದಿಂಚು ಖಾಲಿ ಬಿಟ್ಟೇ ಮುದ್ರಿಸಿದರೆ ಸಮಯ, ಜಾಗದ ವಿವರ ಮುಚ್ಚಿಹೋಗುವುದಿಲ್ಲ. ಮಳೆ ಯಾವಾಗ ಬೇಕಾದರೂ ಬರುತ್ತದೆ, ಕಟ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ.

ವಿಸಾ ವಿಚಾರದಲ್ಲಿ ಒಂದು ಅನುಕೂಲವಿದೆ. ಕೆಲಸದ ಪರವಾನಗಿ ಬೇಡದ ಉತ್ಸವಗಳ ಬ್ರಿಟನ್ ಸರ್ಕಾರದ ಪಟ್ಟಿಯಲ್ಲಿ ಫ್ರಿಂಜ್ ಇದೆ. ಕಲಾವಿದರು ಸಂದರ್ಶಕ ವಿಸಾದಲ್ಲೇ ಬಂದು ಆಡಬಹುದು, ಸಂಭಾವನೆಯನ್ನೂ ಪಡೆಯಬಹುದು. ಪಟ್ಟಿ ಆಗಾಗ ಪರಿಷ್ಕರಣೆಯಾಗುವುದರಿಂದ ಅರ್ಜಿ ಹಾಕುವ ವರ್ಷದ್ದನ್ನೇ ನೋಡಿ.

ಕೊನೆಯ ಆಟದ ದಿನವೂ ಅದೇ 15 ನಿಮಿಷ. ಸಾಮಾನು ಬಿಟ್ಟುಹೋದರೆ ಎಸೆಯುವ ಖರ್ಚು ನಿಮ್ಮ ಲೆಕ್ಕದಲ್ಲೇ ಮುರಿದುಕೊಳ್ಳುತ್ತಾರೆ. ಕುರ್ಚಿಗಳನ್ನು ಮರುದಿನ ಯಾವುದಾದರೂ ಚಾರಿಟಿ ಅಂಗಡಿಗೆ ಕೊಟ್ಟುಬಿಡಿ. ಪರದೆಯನ್ನು ಟ್ರಂಕಿಗೆ ತುಂಬಿ ವಾಪಸ್ ಒಯ್ಯಿರಿ.