ಪಂಪು ನಿಮ್ಮೂರಿಂದಂತೆ, ರಿಪೇರಿಗೆ ಬಂದ್ಯಾ?

ಮೊನ್ನೆ ಶನಿವಾರ ಏಳೆಂಟು ವರ್ಷದ ಹುಡುಗಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ದುಕಾ ಎಲ್ಲಿದೆ?" ಅಂತ ಕೇಳಿದಳು.

ದುಕಾ ಅಂದ್ರೆ ಅಂಗಡಿ. ನಮ್ಮ ದುಕಾನವೇ ಹಡಗು ಹತ್ತಿ ಬಂದು, ಕೊನೆಯ ಅಕ್ಷರ ಸಮುದ್ರದಲ್ಲಿ ಬಿಟ್ಟು, ಇಲ್ಲಿ ದುಕಾ ಆಗಿದೆ. ಉಗಾಂಡಾದಲ್ಲಿ ನಮ್ಮಂಥ ಮುಖ ಕಂಡರೆ ಅಂಗಡಿ ನೆನಪಾಗೋದು ಸಹಜ. ನನಗೆ ಅಂಗಡಿ ಇಲ್ಲ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಅಂದೆ. "ಸಕ್ಕರೆ ತಂದಿದ್ದೀಯಾ?" ಅಂದಳು. ಅದೂ ಇಲ್ಲ. ಆಮೇಲೆ ಅವಳು ನನ್ನ ಕಡೆ ನೋಡಲೇ ಇಲ್ಲ.

ನಾನು ಆ ಹಳ್ಳಿ ಶಾಲೆಗೆ ಹೋಗಿದ್ದು ಡ್ರೈವರ್ ಆಗಿ. ಇಲ್ಲಿನ ಜಿಂಜಾ ಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಟೀಚರಮ್ಮ ಅಲ್ಲಿನ ಪ್ರೈಮರಿಯಲ್ಲಿ ಪಾಠ ಮಾಡುತ್ತಾರೆ. ಯುರೋಪಿನಿಂದ ಹನ್ನೆರಡು ಜನ ಕಾಲೇಜು ಹುಡುಗ ಹುಡುಗಿಯರು ಎರಡು ವಾರದ ಸೇವೆಗೆ ಬಂದಿದ್ದರು. ಅವರ ವ್ಯಾನಿನಲ್ಲಿ ಬಣ್ಣದ ಡಬ್ಬಿಗಳಿಗೆ ಜಾಗ ಇರಲಿಲ್ಲ. ನನ್ನ ಹತ್ತಿರ ಪಿಕಪ್ ಇದೆ. ಮಾತು ಅಷ್ಟೇ, ಹೊರಟೆ.

ಕಬ್ಬಿನ ಗದ್ದೆಗಳ ನಡುವೆ ಕೆಂಪು ಮಣ್ಣಿನ ದಾರಿ. ವ್ಯಾನು ಕಂಡ ಕೂಡಲೇ ಮಕ್ಕಳು "ಮುಜುಂಗು, ಬಾಯ್!" ಅಂತ ಓಡಿ ಬರುತ್ತವೆ. ಮುಜುಂಗು ಅಂದ್ರೆ ಬಿಳಿಯರು. ಬರುವಾಗಲೂ ಬಾಯ್, ಹೋಗುವಾಗಲೂ ಬಾಯ್. ಹಿಂದೆ ಬರುವ ನನ್ನ ಪಿಕಪ್ಪಿಗೆ ಕೈ ಎತ್ತಿ, ಒಳಗಿನ ಮುಖ ನೋಡಿ, ಅರ್ಧದಲ್ಲೇ ಕೈ ಇಳಿಸುತ್ತವೆ. ನಗು ಬಂತು. ಒಂಚೂರು ಚುಚ್ಚಿತು ಕೂಡ, ಸುಳ್ಳು ಯಾಕೆ ಹೇಳಲಿ.

ಶಾಲೆಯ ಅಂಗಳದಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ ಈ ಸ್ವಯಂಸೇವಕಿಯರಲ್ಲಿ ಒಬ್ಬಳ ಮುಂದೆ ಮಂಡಿಯೂರಿ ನಮಸ್ಕಾರ ಹೇಳಿದಳು. ಬುಸೋಗಾ ಸೀಮೆಯಲ್ಲಿ ಹೆಣ್ಣುಮಕ್ಕಳು ದೊಡ್ಡವರಿಗೆ ಹಾಗೇ ಹೇಳೋದು. ಬಿಳಿ ಹುಡುಗಿಗೆ ಗಾಬರಿಯಾಗಿ ತಾನೂ ದೊಪ್ಪಂತ ಮಂಡಿಯೂರಿದಳು. ಈಗ ಇಬ್ಬರೂ ಮಣ್ಣಿನಲ್ಲಿ ಎದುರುಬದುರು, ಮೊದಲು ಯಾರು ಏಳಬೇಕು ಅಂತ ಇಬ್ಬರಿಗೂ ಗೊತ್ತಿಲ್ಲ. ಟೀಚರಮ್ಮ ನಕ್ಕು ನಕ್ಕು ಬಂದು ಎಬ್ಬಿಸಿದರು. ಆ ಬಿಳಿ ಹುಡುಗಿ ನನಗೆ ಇಷ್ಟವಾದಳು. ಒಳ್ಳೆ ಮನಸ್ಸಿನ ಮಕ್ಕಳೇ ಎಲ್ಲರೂ. ಬಿಸಿಲಿಗೆ ಟೊಮೆಟೊ ಥರ ಕೆಂಪಾಗಿದ್ದರೂ ಬ್ರಶ್ ಕೆಳಗಿಡಲಿಲ್ಲ. ಸಂಜೆ ಹೊತ್ತಿಗೆ ಒಂದು ಗೋಡೆ ನೀಲಿಯಾಗಿ, ಅದರ ಮೇಲೆ ಹನ್ನೆರಡು ಜೊತೆ ಅಂಗೈ ಗುರುತು ಬಿದ್ದಿತ್ತು.

ಗೋಡೆ ಚೆನ್ನಾಗಿ ಬಂತು ಅಂದೆ. ಟೀಚರಮ್ಮ ದನಿ ತಗ್ಗಿಸಿ, "ಹೋದ ವರ್ಷ ಹಳದಿ ಇತ್ತು. ಅದರ ಹಿಂದಿನ ವರ್ಷ ಹಸಿರು. ಆ ಗೋಡೆಯನ್ನ ನಾವು ಮುಟ್ಟೋದೇ ಇಲ್ಲ, ಬರೋರಿಗೆ ಅಂತ ಬಿಟ್ಟಿದ್ದೀವಿ" ಅಂದರು. ಅದರಲ್ಲಿ ಕೊಂಕಿರಲಿಲ್ಲ. ಬಂದ ನೆಂಟರಿಗೆ ಚಾಪೆ ತೆಗೆದಿಟ್ಟಿರ್ತೀವಲ್ಲ, ಹಾಗೆ.

ಬಣ್ಣದ ಕೈ ತೊಳೆಯೋಕೆ ನೀರು ಹುಡುಕಿ ಹೊರಟಾಗ ಕಂಡದ್ದು ಬೋರಿಂಗ್. ನಮ್ಮ ವಿಜಯಪುರದ ಕಡೆ ಕೈಪಂಪಿಗೆ ನಾವು ಬೋರಿಂಗ್ ಅಂತಲೇ ಅನ್ನೋದು. ಅದೇ ಮೂರು ಕಾಲು, ಅದೇ ಚೌಕ ತಲೆ, ಅದೇ ಉದ್ದ ಹಿಡಿಕೆ. ಕಣ್ಣು ಮುಚ್ಚಿ ಹಿಡಿದರೂ ಕೈಗೆ ಗುರುತು ಸಿಗುವಂಥದ್ದು. ಇಲ್ಲಿ ಅದಕ್ಕೆ ಯು-ಟೂ ಅಂತಾರೆ. ಮೂಲ ಇಂಡಿಯಾ ಮಾರ್ಕ್ ಟೂ.

ಅದರ ಕಥೆ ನಮಗೆ ದೂರದ್ದಲ್ಲ. 1972ರ ಬರ ಅಂದ್ರೆ ನಮ್ಮ ಇಂಡಿ, ವಿಜಯಪುರ, ಆಚೆಯ ಸೊಲ್ಲಾಪುರದ ಮುದುಕರು ಈಗಲೂ ಸುಮ್ಮನಾಗ್ತಾರೆ. ಆಗಿನ ಬೀಡು ಕಬ್ಬಿಣದ ಪಂಪುಗಳು ಒಂದು ಮನೆಯವರು ಬಳಸೋಕೆ ಅಂತ ಮಾಡಿದ್ದವು. ಇಡೀ ಊರು ಬೆಳಗಿಂದ ರಾತ್ರಿವರೆಗೆ ಹೊಡೆದರೆ ಎಷ್ಟು ದಿನ ತಡೆದಾವು? ಸೊಲ್ಲಾಪುರದಲ್ಲಿ ಉಕ್ಕಿನ ಗಟ್ಟಿ ಪಂಪೊಂದು ತಯಾರಾಗಿತ್ತು. ಯುನಿಸೆಫ್ ಮತ್ತು ಸರ್ಕಾರ ಸೇರಿ 70ರ ದಶಕದಲ್ಲಿ ಅದನ್ನೇ ತಿದ್ದಿ ತೀಡಿ ಮಾರ್ಕ್ ಟೂ ಮಾಡಿದರು. ಅದು ಆಫ್ರಿಕಾಕ್ಕೂ ಬಂತು. ಅದೇ 1972ರ ಆಗಸ್ಟಿನಲ್ಲಿ ಆಗಿನ ಅಧ್ಯಕ್ಷ ಇದಿ ಅಮೀನ್ ಇಲ್ಲಿನ ಏಷ್ಯನ್ನರಿಗೆ, ಅಂದ್ರೆ ಹೆಚ್ಚಾಗಿ ನಮ್ಮವರಿಗೇ, 90 ದಿನದಲ್ಲಿ ಜಾಗ ಖಾಲಿ ಮಾಡಿ ಅಂದಿದ್ದ. ಜಿಂಜಾದ ಮುಖ್ಯರಸ್ತೆಯ ಹಳೇ ಕಟ್ಟಡಗಳ ನೆತ್ತಿಯಲ್ಲಿ ಅವರ ಹೆಸರು, ಕಟ್ಟಿಸಿದ ಇಸವಿ ಈಗಲೂ ಇವೆ. ಜನರನ್ನು ಓಡಿಸಿದ ದೇಶಕ್ಕೆ ಮುಂದೆ ಪಂಪು ಬಂದು ನೆಲೆ ನಿಂತಿತು.

ಇದನ್ನೆಲ್ಲ ಟೀಚರಮ್ಮನಿಗೆ ಎದೆಯುಬ್ಬಿಸಿ ಹೇಳಿದೆ. ಈ ಪಂಪು ಹುಟ್ಟಿದ ಊರಿಗೆ ನಮ್ಮೂರಿಂದ ಬಸ್ಸಿಗೆ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದು ಅಂದೆ. ಅವರು ಸುತ್ತ ನಿಂತ ಮಕ್ಕಳಿಗೆ ಅವರ ಭಾಷೆಯಲ್ಲಿ ಹೇಳಿದರು. ದುಕಾ ಕೇಳಿದ ಹುಡುಗಿ ಹಿಡಿಕೆಗೆ ಜೋತುಬಿದ್ದಿದ್ದಳು. ತಟ್ಟನೆ ನಿಲ್ಲಿಸಿ ಕೇಳಿದಳು: "ಹಂಗಾದ್ರೆ ರಿಪೇರಿ ಮಾಡೋಕೆ ಬಂದ್ಯಾ?"

ಆಗ ಸರಿಯಾಗಿ ನೋಡಿದೆ. ಅವಳು ಹೊಡೆಯುತ್ತಲೇ ಇದ್ದಳು, ನೀರು ಬರುತ್ತಿರಲಿಲ್ಲ. ಮನಸ್ಸಿನಲ್ಲೇ ಎಣಿಸಿದೆ. ನಲವತ್ತರ ಹತ್ತಿರ ಹೊಡೆದ ಮೇಲೆ ಗೊರಗೊರ ಅಂತ ಬಂತು, ಕೆಂಪಗೆ. ಸ್ವಲ್ಪ ಬಿಟ್ಟರೆ ಮತ್ತೆ ಮೊದಲಿಂದ. ಒಳಗಿನ ಕಬ್ಬಿಣದ ಪೈಪು ತುಕ್ಕು ತಿಂದು ತೂತಾದರೆ ಹೀಗೇ. ಮೇಲೆತ್ತಿದ ನೀರು ದಾರಿಯಲ್ಲೇ ಸೋರಿ ಕೆಳಗಿಳಿಯುತ್ತದೆ. ಈ ಹುಳಿ ನೀರಿಗೆ ಪೈಪು ಬೇಗ ಸಾಯುತ್ತದಂತೆ. ಅದರಲ್ಲಿ ಟೀ ಮಾಡಿದರೆ ಶಾಯಿಯಂತೆ ಕಪ್ಪಾಗುತ್ತೆ, ಶಾಲೆಯ ಬಿಳಿ ಅಂಗಿ ಕಾವಿಯಾಗುತ್ತೆ ಅಂದರು ಟೀಚರಮ್ಮ. 20 ಲೀಟರಿನ ಹಳದಿ ಜೆರಿಕ್ಯಾನುಗಳು ಸಾಲಾಗಿ ನಿಂತಿದ್ದವು. ಒಂದೇ ಸಾಲು.

ಆ ಸಾಲು ನನ್ನನ್ನು ಎಲ್ಲಿಗೋ ಎಳೆದುಕೊಂಡು ಹೋಯಿತು.

ಬಿಎಸ್ಸಿ ಎರಡನೇ ವರ್ಷ ನಾನೂ ಎನ್ನೆಸ್ಸೆಸ್, ಅಂದ್ರೆ ಕಾಲೇಜು ಹುಡುಗರ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋಗಿದ್ದೆ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಶುರುವಾದದ್ದು ಆ ಯೋಜನೆ. ಏಳು ದಿನ ಹಳ್ಳಿಯಲ್ಲಿ ಇರಬೇಕು, ಕೊನೆಗೆ ಸರ್ಟಿಫಿಕೇಟು. ಹನುಮಪ್ಪನ ಗುಡಿಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಶ್ರಮದಾನ, ರಾತ್ರಿ ನಾಟಕ. ಅಗಸಿಯ ಹತ್ತಿರ ಗಟಾರ ತೋಡುತ್ತಿದ್ದೆವು. ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ, "ತಮ್ಮಾ, ಹ್ವಾದ ವರ್ಸ ಬಂದ ಹುಡುಗ್ರೂ ಇಲ್ಲೇ ತೋಡಿದ್ರು ನೋಡ್ರಿ. ಮಳಿಗಾಲದಾಗ ಮುಚ್ಚಿ ಹೋತು" ಅಂದಳು. ನಾವು ನಕ್ಕು ಇನ್ನೂ ಜೋರಾಗಿ ಗುದ್ದಲಿ ಹಾಕಿದೆವು.

ಆ ಊರಲ್ಲಿ ಎರಡು ಬೋರಿಂಗ್ ಇದ್ದವು. ಗುಡಿಯ ಹತ್ತಿರದ್ದು ಊರಿನದು, ಆಚೆ ಇದ್ದದ್ದು ಕೇರಿಯದು. ಏಳು ದಿನದಲ್ಲಿ ಕೇರಿಗೆ ನಾವು ಹೋದದ್ದು ಒಂದೇ ಬೆಳಿಗ್ಗೆ, ಪೊರಕೆ ಹಿಡಿದು, ಫೋಟೊದವನನ್ನೂ ಕರೆದುಕೊಂಡು. ನಮ್ಮ ಗುಂಪಿನ ಒಬ್ಬ ಗೆಳೆಯ ಅವತ್ತು ಹೊಟ್ಟೆನೋವು ಅಂತ ಮಲಗಿದ್ದ. ಅವನು ಯಾಕೆ ಬರಲಿಲ್ಲ ಅಂತ ನನಗೆ ಹೊಳೆಯೋಕೆ ಬಹಳ ವರ್ಷ ಬೇಕಾಯಿತು. ಕೇರಿಯ ಬೋರಿಂಗಿನ ಚೈನು ಕಡಿದು ಹಿಡಿಕೆ ಜೋತಾಡುತ್ತಿತ್ತು. ಅದರ ಸುತ್ತ ಗುಡಿಸಿ, ರಂಗೋಲಿ ಹಾಕಿಸಿ, ಹನ್ನೊಂದು ಗಂಟೆಗೆ ಉಪ್ಪಿಟ್ಟು ತಿನ್ನಲು ವಾಪಸ್ ಬಂದೆವು. ಚೈನು ಕಡಿದು ಎಷ್ಟು ದಿನ ಆಯ್ತು ಅಂತ ಒಬ್ಬರೂ ಕೇಳಲಿಲ್ಲ. ವರದಿಯಲ್ಲಿ ಸ್ವಚ್ಛತಾ ಕಾರ್ಯಕ್ರಮ ಯಶಸ್ವಿ ಅಂತ ಬರೆದೆವು. ಬರೆದದ್ದು ನಾನೇ, ಅಕ್ಷರ ಚೆನ್ನಾಗಿದೆ ಅಂತ.

ಹಾಗಿರುವಾಗ ನೀಲಿ ಗೋಡೆಯ ಮೇಲೆ ಕೈಯೊತ್ತಿದ ಮಕ್ಕಳನ್ನು ನೋಡಿ ನಾನು ಯಾವ ಬಾಯಲ್ಲಿ ನಗಲಿ?

ಟೀಚರಮ್ಮ ನೀರಿನ ಸಮಿತಿಯ ಅಧ್ಯಕ್ಷೆಯನ್ನು ಕರೆಸಿದರು. ಆಕೆ ಬಟ್ಟೆಯಲ್ಲಿ ಸುತ್ತಿದ ಪುಸ್ತಕ ತಂದರು. ಮನೆಗೆ ತಿಂಗಳಿಗೆ 1000 ಶಿಲಿಂಗ್, ನಮ್ಮ ಇಪ್ಪತ್ತು ಚಿಲ್ಲರೆ ರೂಪಾಯಿ. ಕೊಟ್ಟವರ ಹೆಸರಿನ ಮುಂದೆ ಗೀಟು, ಕೊಡದವರ ಮುಂದೆ ದೊಡ್ಡ ಸೊನ್ನೆ. ಮೆಕ್ಯಾನಿಕ್ ನೋಡಿ ಹೋಗಿ ಎರಡು ತಿಂಗಳಾಗಿದೆ. 15 ಪೈಪಿನಲ್ಲಿ 6 ಹೋಗಿವೆ. ದುಡ್ಡೂ ಕೂಡಿದೆ. ಆದರೆ ಪೈಪು ಜಿಂಜಾದಿಂದ ತರಬೇಕು, ಬಾಡಿಗೆ ಗಾಡಿಯವನು ಕೇಳುವ ದುಡ್ಡಿಗೆ ಇನ್ನೊಂದು ಪೈಪೇ ಬರುತ್ತೆ ಅಂದರು. ಹೇಳುತ್ತಾ ಆಕೆ ನನ್ನ ಪಿಕಪ್ ಕಡೆ ನೋಡಲಿಲ್ಲ. ಟೀಚರಮ್ಮನೂ ನೋಡಲಿಲ್ಲ. ನೋಡಿದ್ದು ಆ ಹುಡುಗಿ ಒಬ್ಬಳೇ. ಖಾಲಿ ಬಣ್ಣದ ಡಬ್ಬಿಗಳು ಹಿಂದೆ ಕಡಕಡ ಅನ್ನುತ್ತಿದ್ದವು, ಇನ್ನಷ್ಟು ಹುಡುಗರು ಹತ್ತಿ ಕುಣಿಯುತ್ತಿದ್ದರು.

ಈ ಭಾನುವಾರ ಪೈಪು ತರೋದು ಅಂತಾಗಿದೆ. ಒಂದೊಂದೂ 3 ಮೀಟರ್ ಉದ್ದ, ಪಿಕಪ್ಪಿನಿಂದ ಆಚೆ ಚಾಚುತ್ತವೆ, ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಹೆಂಡತಿ ಹಳೇ ಸೀರೆಯ ಸೆರಗು ಹರಿದು ಕೊಟ್ಟಿದ್ದಾಳೆ. ಜೊತೆಗೆ ಎರಡು ಕಿಲೋದ ಪೊಟ್ಟಣವನ್ನೂ ಮುಂದಿನ ಸೀಟಿನ ಮೇಲೆ ಇಟ್ಟು ಹೇಳಿದಳು: "ದುಕಾನ ಇಲ್ಲಂದ್ರ ಇರ್ಲಿ, ಸಕ್ರೀನರೆ ಒಯ್ರಿ."