ಮೂವತ್ನಾಲ್ಕರ ಮೊಡವೆ

"ಮದುವೆ ಆದ ಮೇಲೆ ತನ್ನಷ್ಟಕ್ಕೆ ಹೋಗ್ತದೆ ಬಿಡು" ಅಂದಿದ್ದರು ಅಮ್ಮ. ಮಗಳು ಈಗ ಎರಡನೇ ಕ್ಲಾಸು. ಮೊಡವೆ ಇನ್ನೂ ಗದ್ದದ ಮೇಲೇ ಇದೆ.

ಮಂಗಳೂರಿನ ಸೆಕೆಗೆ ಬೆಳಿಗ್ಗೆ ತೊಳೆದ ತಲೆ ಸಂಜೆಗೆ ಎಣ್ಣೆ ಹಚ್ಚಿದ ಹಾಗೆ. ಮುಖಕ್ಕಂತೂ ವರ್ಷಗಟ್ಟಲೆ ಕಡ್ಲೆಹಿಟ್ಟು ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಚರ್ಮದ ಡಾಕ್ಟರು ಮೊದಲು ನಿಲ್ಲಿಸಿದ್ದು ಅದನ್ನೇ. ಈ ಎಣ್ಣೆ ಕೊಳೆಯಲ್ಲ, ಚರ್ಮದೊಳಗಿನ ಗ್ರಂಥಿಯದ್ದು. ಅದಕ್ಕೆ ಹುಕುಂ ಕೊಡುವುದು ಹಾರ್ಮೋನು. ದಿನಕ್ಕೆ 2 ಸಲ ಮುಖ ತೊಳೆದರೆ ಸಾಕಂತೆ. ರಾತ್ರಿ ಬಟಾಣಿ ಕಾಳಿನಷ್ಟು ಅಡಾಪಲೀನ್ ಅನ್ನುವ ಮೊಡವೆ ಜೆಲ್. ಫಲ ಕಾಣಲು 12 ವಾರ ಬೇಕು. ಮೊಡವೆಗೇ ಹಚ್ಚುವ ಇನ್ನೊಂದು ಔಷಧಿ ಬೆನ್ಜಾಯಿಲ್ ಪೆರಾಕ್ಸೈಡ್ ಮಾತ್ರ ಮೊದಲ ವಾರವೇ ಕೆಲಸ ಮಾಡಿತು, ನನ್ನ ನೀಲಿ ದಿಂಬಿನ ಕವರಿನ ಮೇಲೆ. ಅಲ್ಲಲ್ಲಿ ಬಣ್ಣ ಹೋಗಿ ಬೆಳ್ಳಗೆ!

ಇವತ್ತು ಕನ್ನಡಿ ಮುಂದೆ ನಿಂತಾಗ ಮಗಳು ಕೇಳಿದಳು, "ನಂಗೆ ಯಾವಾಗ ಬರ್ತದೆ ಅಮ್ಮ ಇದು?" ಆಸೆಯಿಂದ ಕೇಳಿದ ಹಾಗಿತ್ತು. ನಾನು ಫೋಟೋದಲ್ಲೆಲ್ಲ ಎಷ್ಟು ವರ್ಷ ಮುಖ ಪಕ್ಕಕ್ಕೆ ತಿರುಗಿಸಿದ್ದೇನೋ.